ಶ್ರುತಿ ಕದಲದ ತಟ್ಟೆ

ಮ್ಯೂನಿಕ್ ನಗರದ ಉತ್ತರಕ್ಕೆ ಹೋಗುವ ಯು-6 ರೈಲು ಬಹಳ ಹೊತ್ತು ನೆಲದಡಿಯಲ್ಲೇ ಓಡಿ, ಊರು ಮುಗಿಯುತ್ತ ಬಂದಾಗ ಬೆಳಕಿಗೆ ಏರುತ್ತದೆ. ಕೀಫರ್ನ್‌ಗಾರ್ಟನ್ ನಿಲ್ದಾಣದಲ್ಲಿ ಇಳಿದಾಗ ದಾರಿ ಕೇಳುವ ಪ್ರಮೇಯವೇ ಬರಲಿಲ್ಲ. ನಮ್ಮ ಡಬ್ಬಿಯಿಂದ ಇಳಿದ ಅರವತ್ತೆಪ್ಪತ್ತು ಜನರಲ್ಲಿ ಅರ್ಧಕ್ಕರ್ಧ ಮಂದಿಯ ಕಂಕುಳಲ್ಲಿ ಚೌಕಾಕಾರದ ಚೀಲಗಳಿದ್ದವು. ಒಳಗಿರುವುದು ಏನೆಂದು ಗೊತ್ತಾಗಲು ಆ ಅಳತೆಯೇ ಸಾಕು: ಹನ್ನೆರಡಂಗುಲದ ಎಲ್‌ಪಿ ರೆಕಾರ್ಡು. ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ನಡೆಯುತ್ತಿದ್ದರು. ಹೆಚ್ಚಿನವರು ನನ್ನ ವಾರಗೆಯವರು. ನಡುನಡುವೆ ಇಪ್ಪತ್ತರ ಹುಡುಗ ಹುಡುಗಿಯರೂ ಇದ್ದರು.

ಅದು 2018ರ ಮೇ 11, ಶುಕ್ರವಾರ. ‘ಹೈ ಎಂಡ್’ ಎಂಬ ಧ್ವನಿಯಂತ್ರಗಳ ಮೇಳ ಸಾರ್ವಜನಿಕರಿಗೆ ಬಾಗಿಲು ತೆರೆದ ದಿನ. 2004ರಿಂದ ಮ್ಯೂನಿಕ್‌ನಲ್ಲಿ ನಡೆಯುತ್ತಿದ್ದ ಈ ಮೇಳಕ್ಕೆ ಆ ವರ್ಷ 500ಕ್ಕೂ ಹೆಚ್ಚು ಕಂಪನಿಗಳು ಬಂದಿದ್ದವು. ಮಗಳು ಅದೇ ಊರಿನಲ್ಲಿ ಕೆಲಸಕ್ಕಿದ್ದಾಳೆ. “ಅಪ್ಪಾ, ಅರಮನೆ ಕೋಟೆ ಎಲ್ಲ ಆಮೇಲೆ ನೋಡೋಣ. ನಿಮಗೆ ಬೇಕಾದ್ದು ಇಲ್ಲಿದೆ” ಎಂದು ಟಿಕೆಟ್ ತೆಗೆದಿಟ್ಟಿದ್ದಳು.

ನನಗೆ ಬೇಕಾದ್ದು ಏನು ಎನ್ನುವುದಕ್ಕೆ ಮೈಸೂರಿನ ನಮ್ಮ ಮನೆಯ ನಡುಮನೆಗೆ ಹೋಗಬೇಕು. ತಾತನ ಹತ್ತಿರ ನಾಯಿ ಮಾರ್ಕಿನ ಪೆಟ್ಟಿಗೆ ಗ್ರಾಮಫೋನು ಇತ್ತು. ಕೀ ಕೊಟ್ಟು, ಉಕ್ಕಿನ ಮುಳ್ಳು ಸಿಕ್ಕಿಸಿ, ಪ್ಲೇಟಿನ ಅಂಚಿಗೆ ಇಡುವುದು ಅವರ ಕೆಲಸ. ಪಕ್ಕದಲ್ಲಿ ಕಿವಿಗೊಟ್ಟು ಕೂರುವುದು ಅಜ್ಜಿಯ ಕೆಲಸ. ಹಾಡು ಮುಕ್ಕಾಲು ಪಾಲು ಆಗುವಷ್ಟರಲ್ಲಿ ಸ್ಪ್ರಿಂಗು ಸಡಿಲಗೊಂಡು ಗಾಯಕರ ದನಿ ಮೆಲ್ಲಗೆ ಕೆಳಗಿಳಿಯತೊಡಗುತ್ತಿತ್ತು. ನಮಗೆ ಮಕ್ಕಳಿಗೆ ಅದು ತಿಳಿಯುವ ಮೊದಲೇ ಅಜ್ಜಿ “ಶ್ರುತಿ ಇಳೀತು, ಕೀ ಕೊಡಿ” ಎನ್ನುತ್ತಿದ್ದರು. ಅವರು ಸಂಗೀತ ಕಲಿತವರಲ್ಲ. ದೇವರ ಮನೆಯ ಹಾಡುಗಳಷ್ಟೇ ಅವರಿಗೆ ಬರುತ್ತಿದ್ದುದು. ಆದರೂ ಆ ಇಳಿತ ಅವರ ಕಿವಿಗೆ ನೋವು ಕೊಡುತ್ತಿತ್ತು. ಪ್ಲೇಟು ತಿರುಗುವ ವೇಗ ಎಂದರೆ ಶ್ರುತಿ, ವೇಗ ಕದಲಿತೋ ಶ್ರುತಿ ಕದಲಿತು ಎಂಬುದನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ.

ಮೇಳ ಆಗ ನಡೆಯುತ್ತಿದ್ದ ಎಂ.ಓ.ಸಿ. ಎಂಬ ಕಟ್ಟಡದ ಒಳಗೆ ಗಾಜಿನ ಸೂರಿನ ಅಂಗಳಗಳಿವೆ. ಅವುಗಳ ಸುತ್ತ ಮಹಡಿ ಮಹಡಿಯಾಗಿ ಕೋಣೆಗಳು. ಪ್ರತಿ ಕೋಣೆಯ ಬಾಗಿಲೂ ಮುಚ್ಚಿದೆ, ಒಳಗೊಂದು ಸಂಗೀತ ನಡೆಯುತ್ತಿದೆ. ಬಾಗಿಲು ತೆರೆದಾಗ ಒಂದು ತುಣುಕು ಹೊರಗೆ ಚೆಲ್ಲುತ್ತದೆ, ಮುಚ್ಚಿದೊಡನೆ ನಿಲ್ಲುತ್ತದೆ. ಎರಡು ಹೆಜ್ಜೆ ನಡೆದರೆ ಇನ್ನೊಂದು ದೇಶದ, ಇನ್ನೊಂದು ಕಾಲದ ದನಿ. ಆಳೆತ್ತರದ ಸ್ಪೀಕರುಗಳನ್ನೂ, ಕೆಂಡದಂತೆ ಬೆಚ್ಚಗೆ ಹೊಳೆಯುವ ವಾಲ್ವುಗಳ ಆಂಪ್ಲಿಫೈಯರುಗಳನ್ನೂ ದಾಟಿಕೊಂಡು ನಾವು ನೇರ ಹೋದದ್ದು ಟೆಕ್ನಿಕ್ಸ್ ಕಂಪನಿಯ ಕೋಣೆಗೆ. ಆ ವರ್ಷ ಟರ್ನ್‌ಟೇಬಲ್ ಪ್ರೀತಿಸುವವರೆಲ್ಲ ಮಾತಾಡಿಕೊಳ್ಳುತ್ತಿದ್ದ ಎಸ್‌ಎಲ್-1000ಆರ್ ಎಂಬ ಯಂತ್ರ ಅಲ್ಲಿತ್ತು.

ಬೆಲೆ ಸುಮಾರು 16,000 ಯೂರೋ. ಆಗಿನ ಲೆಕ್ಕಕ್ಕೆ ಹನ್ನೆರಡು ಲಕ್ಷ ರೂಪಾಯಿ ದಾಟುತ್ತದೆ. ಪಕ್ಕದಲ್ಲಿ ನಿಂತವರ ಬಾಯಲ್ಲೂ ಮೊದಲು ಬಂದದ್ದು ಅದೇ ಅಂಕಿ. ಒಬ್ಬರು ತಲೆ ಕೊಡವಿದರು. ಇನ್ನೊಬ್ಬರು, ಇದೇ ಕಟ್ಟಡದಲ್ಲಿ ಇದರ ಹತ್ತು ಪಟ್ಟು ಬೆಲೆಯವೂ ಇವೆ, ಅವುಗಳ ಮುಂದೆ ಇದು ಸೋವಿ ಎಂದರು. ನನಗೆ ಇಬ್ಬರ ಮಾತೂ ಸರಿ ಎನ್ನಿಸಿತು. ಆಮೇಲೆ ಯಂತ್ರವನ್ನು ನೋಡುತ್ತ ನೋಡುತ್ತ ಅಂಕಿ ಮರೆತುಹೋಯಿತು.

ಅಲಂಕಾರ ಎಂದು ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ. ಬೂದು ಬಣ್ಣದ ಲೋಹದ ದಪ್ಪ ಹಾಸು, ಅದರ ಮೇಲೆ ತಟ್ಟೆ, ಎಸ್ ಅಕ್ಷರದ ಹಾಗೆ ಬಳುಕಿದ ತೋಳು. ಒಟ್ಟು ತೂಕ ಸುಮಾರು 40 ಕಿಲೋ. ತಟ್ಟೆಯೊಂದೇ 7.9 ಕಿಲೋ. ಅದರ ಮೇಲ್ಪದರ ಹಿತ್ತಾಳೆ, ಒಳಗೆ ಅಲ್ಯೂಮಿನಿಯಂ, ಅಡಿಗೆ ರಬ್ಬರು, ಅಂಚಿನ ಸುತ್ತ ಟಂಗ್‌ಸ್ಟನ್ ತೂಕದ ಗುಂಡುಗಳು. ಇಷ್ಟೆಲ್ಲ ಭಾರ ಯಾಕೆ? ಎಲ್‌ಪಿಯ ಗೆರೆ ಕೂದಲೆಳೆಯಷ್ಟು ಅಗಲ. ಅದರ ಮೇಲೆ ಕೂರುವ ವಜ್ರದ ಮುಳ್ಳಿನ ಒತ್ತಡ ಎರಡು ಗ್ರಾಂ ಆಸುಪಾಸು. ಎರಡು ಗ್ರಾಮಿನ ಸುಖಕ್ಕೆ ನಲವತ್ತು ಕಿಲೋ!

ಕಾರಣ ನಮ್ಮ ಕುಂಬಾರರಿಗೆ ಗೊತ್ತಿದೆ. ತಿಗರಿ ಹಗುರವಾಗಿದ್ದರೆ ಕೈ ತಗುಲಿದ ಕೂಡಲೇ ತಡವರಿಸುತ್ತದೆ, ಮಡಕೆ ಸೊಟ್ಟಗಾಗುತ್ತದೆ. ಭಾರದ ತಿಗರಿ ಯಾವ ಬೆರಳಿಗೂ ಜಗ್ಗುವುದಿಲ್ಲ. ಪ್ಲೇಟಿನ ಮೇಲೂ ಹೀಗೆಯೇ. ಮೆಲುದನಿಯಲ್ಲಿ ಗೆರೆಯ ಗೋಡೆ ಹೆಚ್ಚು ಅಲುಗುವುದಿಲ್ಲ, ಮುಳ್ಳು ಜಾರಿಕೊಂಡು ಹೋಗುತ್ತದೆ. ಗಟ್ಟಿ ದನಿ ಬಂದಾಗ ಗೋಡೆ ಅಂಕುಡೊಂಕಾಗಿ ಮುಳ್ಳನ್ನು ತಡೆಯುತ್ತದೆ, ಆ ತಡೆ ಪ್ಲೇಟನ್ನು ಹಿಂದಕ್ಕೆಳೆಯುತ್ತದೆ. ಎರಡು ಗ್ರಾಮಿನ ಮುಳ್ಳು ತಟ್ಟೆಯನ್ನು ನಿಧಾನ ಮಾಡುವುದೆಂದರೆ ನಂಬುವುದು ಕಷ್ಟ. ಆದರೆ ನಿಧಾನ ಮಾಡುತ್ತದೆ, ಕಿವಿ ಅದನ್ನು ಹಿಡಿಯುತ್ತದೆ. ಹಿತ್ತಾಳೆಯೂ ಟಂಗ್‌ಸ್ಟನ್ನೂ ಬಂದಿರುವುದು ಆ ಎಳೆತಕ್ಕೆ ಜಗ್ಗದಿರಲಿ ಎಂದು.

ವೇಗದ ಏರಿಳಿತ ಶೇಕಡಾ 0.015 ಎಂದು ಫಲಕದಲ್ಲಿ ಬರೆದಿತ್ತು. ನಾನು ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಒಂದು ಸ್ವರಸ್ಥಾನದಿಂದ ಮುಂದಿನ ಸ್ವರಸ್ಥಾನಕ್ಕೆ, ಹಾರ್ಮೋನಿಯಮ್ಮಿನ ಬಿಳಿ ಮನೆಯಿಂದ ಪಕ್ಕದ ಕರಿ ಮನೆಗೆ, ಶೇಕಡಾ ಆರರ ಹತ್ತಿರ ವ್ಯತ್ಯಾಸ. ಅಂದರೆ ಈ ಯಂತ್ರದ ತಪ್ಪು ಒಂದು ಸ್ವರಸ್ಥಾನದ ನಾನೂರನೆಯ ಒಂದು ಪಾಲು. ತಂಬೂರಿಯ ಬಿರಡೆಯನ್ನು ಅಷ್ಟು ಸಣ್ಣಗೆ ತಿರುಗಿಸಬಲ್ಲ ಬೆರಳು ಮನುಷ್ಯರಿಗಿಲ್ಲ.

ಸುತ್ತ ಎರಡು ಪಂಗಡಗಳಿದ್ದವು. ಅವು ಹಳೆಯ ಪಂಗಡಗಳು. ಟರ್ನ್‌ಟೇಬಲ್‌ಗಳಲ್ಲಿ ಒಂದು ಜಾತಿ ನಮ್ಮ ರಾಟೆಯ ಹಾಗೆ: ಮೋಟಾರು ಒಂದು ಕಡೆ, ತಟ್ಟೆ ಒಂದು ಕಡೆ, ನಡುವೆ ರಬ್ಬರಿನ ಬೆಲ್ಟು. ಮೋಟಾರಿನ ನಡುಕ ಬೆಲ್ಟಿನಲ್ಲೇ ಇಂಗಿಹೋಗಿ ತಟ್ಟೆಗೆ ಮುಟ್ಟುವುದಿಲ್ಲ ಎಂಬುದು ಅದರ ವಾದ. ಗ್ಲಾಸ್ಗೋದಲ್ಲಿ ಐವರ್ ಟೀಫನ್‌ಬ್ರನ್ 1970ರ ದಶಕದ ಆರಂಭದಲ್ಲಿ ಹೊರತಂದ ಲಿನ್ ಎಲ್‌ಪಿ12 ಈ ಪಂಗಡದ ಮನೆದೇವರು. ಇನ್ನೊಂದು ಜಾತಿ ತಿಗರಿಯ ಹಾಗೆ: ತಟ್ಟೆಯ ಬುಡದಲ್ಲೇ ಮೋಟಾರು, ತಟ್ಟೆಯೂ ಅದರದೇ ಅಂಗ. ಬೆಲ್ಟು ಸವೆಯುತ್ತದೆ, ಹಿಗ್ಗುತ್ತದೆ, ಅದು ಬೇಡವೇ ಬೇಡ ಎಂದು ಜಪಾನಿನ ಮತ್ಸುಶಿತಾ ಕಂಪನಿಯ ಎಂಜಿನಿಯರ್ ಶುಯಿಚಿ ಒಬಾಟಾ ರೂಪಿಸಿದ ಎಸ್‌ಪಿ-10, ಟೆಕ್ನಿಕ್ಸ್ ಹೆಸರಿನಲ್ಲಿ 1970ರಲ್ಲಿ ಬಂತು. ಮನೆಯ ಮಟ್ಟಿಗೆ ಇಳಿದ ಅದರ ತಮ್ಮ ಎಸ್‌ಎಲ್-1200, 1972ರದು. ಇದನ್ನು ನ್ಯೂಯಾರ್ಕಿನ ಡಿಜೆಗಳು ವಾದ್ಯವನ್ನಾಗಿಯೇ ಮಾಡಿಕೊಂಡರು. ಮನೆಯಲ್ಲಿ ಕೂತು ಆಲಿಸುವ ರಸಿಕರು ಮಾತ್ರ ದಶಕಗಳ ಕಾಲ ಮೂಗು ಮುರಿದರು: ಮೋಟಾರಿನ ಅಯಸ್ಕಾಂತಗಳ ನಡುವೆ ತಟ್ಟೆ ಕಣ್ಣಿಗೆ ಕಾಣದಷ್ಟು ಮುಗ್ಗರಿಸುತ್ತದೆ, ಸಂಗೀತ ಒಣಗುತ್ತದೆ ಎಂದು. 2010ರಲ್ಲಿ ಎಸ್‌ಎಲ್-1200 ತಯಾರಿಕೆಯೇ ನಿಂತಿತು.

ಅದು ಮತ್ತೆ ಎದ್ದ ಕಥೆ ನನಗೆ ಇಷ್ಟ. ಟೆಕ್ನಿಕ್ಸ್ ಹೆಸರಿಗೆ 2014ರಲ್ಲಿ ಮರುಜೀವ ಬಂದಾಗ ಅದರ ಹೊಣೆ ಹೊತ್ತವರು ಮಿಚಿಕೊ ಒಗಾವಾ. ಅವರು ಎಂಜಿನಿಯರ್, ಜೊತೆಗೆ ಧ್ವನಿಮುದ್ರಿಕೆಗಳನ್ನು ತಂದಿರುವ ಜಾಜ್ ಪಿಯಾನೊ ವಾದಕಿ. 2016ರಲ್ಲಿ ಹೊಸ ಎಸ್‌ಎಲ್-1200ರ ವಿಶೇಷ ಮಾದರಿಯನ್ನು ಜಗತ್ತಿಗೆಲ್ಲ ಸೇರಿ 1,200 ಮಾತ್ರ ಮಾಡಿದರು. ಜಪಾನಿನ ಪಾಲಿಗೆ ಬಂದವು ಅರ್ಧ ಗಂಟೆಯಲ್ಲಿ ಮುಗಿದವು. ಮೋಟಾರಿನ ಕಬ್ಬಿಣದ ತಿರುಳನ್ನೇ ತೆಗೆದುಹಾಕಿದ್ದರಿಂದ ಹಳೆಯ ಮುಗ್ಗರಿಕೆಯ ಬೇರೇ ಹೋಯಿತು. ವಾದಕರ ಕಿವಿಯೊಂದು ಎಂಜಿನಿಯರುಗಳ ಮೇಜಿನ ತಲೆಯ ಭಾಗದಲ್ಲಿ ಕೂತರೆ ಏನಾಗುತ್ತದೆ ಎಂಬುದಕ್ಕೆ ನಾನು ಇದನ್ನೇ ತೋರಿಸುತ್ತೇನೆ.

ಕೋಣೆಯಲ್ಲಿ ನನ್ನ ಎಡಕ್ಕೆ ಸ್ಕಾಟ್‌ಲೆಂಡಿನ ಹಿರಿಯರೊಬ್ಬರಿದ್ದರು. ನಲವತ್ತು ವರ್ಷದಿಂದ ಬೆಲ್ಟಿನ ಯಂತ್ರ ಸಾಕಿದವರು. ಬಲಕ್ಕೆ ಪೋಲೆಂಡಿನ ನಿವೃತ್ತ ರೇಡಿಯೋ ತಂತ್ರಜ್ಞರು, ಕೆಲಸದ ದಿನಗಳನ್ನೆಲ್ಲ ಹಳೆಯ ಎಸ್‌ಪಿ-10ರ ಮುಂದೆ ಕಳೆದವರು. ಇಬ್ಬರೂ ಹತ್ತು ನಿಮಿಷ ಎಡೆಬಿಡದೆ ವಾದಿಸಿದರು. ಮಗಳು ನನ್ನ ಕಿವಿಯಲ್ಲಿ ಅರ್ಥ ಹೇಳುತ್ತಾ ಹೋದಳು. ಬೆಲ್ಟಿನವರು “ಜೀವ” ಎಂದರು, ರೇಡಿಯೋದವರು “ನಿಖರತೆ” ಎಂದರು. ಧಾರವಾಡದಲ್ಲಿ ಎರಡು ಘರಾಣೆಗಳವರು ಚಹಾದಂಗಡಿಯಲ್ಲಿ ಕೂತು ವಾದಿಸುವುದನ್ನು ನಾನು ಕೇಳಿದ್ದೇನೆ. ಬಿಸಿ ಅಷ್ಟೇ, ಪ್ರೀತಿಯೂ ಅಷ್ಟೇ.

ಆಗ ಕಂಪನಿಯವರು ಗುಂಡಿ ಒತ್ತಿದರು. ಎಂಟು ಕಿಲೋ ತಟ್ಟೆ ರೆಪ್ಪೆ ಬಡಿಯುವಷ್ಟರಲ್ಲಿ ವೇಗಕ್ಕೆ ಬಂತು. ಮತ್ತೆ ಒತ್ತಿದರು, ಅಷ್ಟೇ ಬೇಗ ನಿಂತಿತು. ಕದಲಿಕೆಯಿಲ್ಲ, ಗೊರಕೆಯಿಲ್ಲ. ರೇಡಿಯೋದವರ ಕಣ್ಣು ತುಂಬಿತ್ತು. ನೇರ ಪ್ರಸಾರದಲ್ಲಿ ನಿರೂಪಕರ ಮಾತು ಮುಗಿದ ಕ್ಷಣಕ್ಕೆ ಸರಿಯಾಗಿ ಹಾಡು ಏಳಬೇಕಾದವರಿಗೆ ಆ ಗುಂಡಿ ಏನೆಂದು ಗೊತ್ತು.

ಮುಳ್ಳು ಪ್ಲೇಟಿನ ಮೇಲೆ ಇಳಿಯಿತು. ಪಿಯಾನೊ, ಒಂಟಿ ಪಿಯಾನೊ. ಯಂತ್ರದ ಪರೀಕ್ಷೆಗೆ ಇದಕ್ಕಿಂತ ಕಠಿಣವಾದದ್ದಿಲ್ಲ. ಹಾಡುವವರ ದನಿಯಲ್ಲಿ ಕಂಪನ ಸಹಜ, ಪಿಟೀಲಿನಲ್ಲೂ ಸಹಜ. ಪಿಯಾನೊದ ತಂತಿಗೆ ಒಮ್ಮೆ ಸುತ್ತಿಗೆ ಬಿದ್ದ ಮೇಲೆ ಅದು ಬಗ್ಗುವುದಿಲ್ಲ. ಅದು ಬಗ್ಗಿದ ಹಾಗೆ ಕೇಳಿಸಿದರೆ ತಪ್ಪು ಯಂತ್ರದ್ದೇ. ಮಂದ್ರದಲ್ಲಿ ಒಂದು ಸ್ವರ ಬಿತ್ತು. ವಾದಕರು ಕೈಯೆತ್ತದೆ ಅದನ್ನು ಹಾಗೇ ಬಿಟ್ಟರು. ಸ್ವರ ಸಣ್ಣದಾಗುತ್ತ ಹೋಯಿತು, ತೆಳುವಾಗುತ್ತ ಹೋಯಿತು, ದೀಪಕ್ಕೆ ಎಣ್ಣೆ ಮುಗಿಯುತ್ತ ಬಂದ ಹಾಗೆ. ಎಲ್ಲೂ ನಡುಗಲಿಲ್ಲ. ಮುಗಿಯಿತು ಎಂದುಕೊಂಡ ಮೇಲೂ ಇತ್ತು. ಅದು ಯಾವಾಗ ಮುಗಿದು ಕೋಣೆಯ ಮೌನ ಯಾವಾಗ ಶುರುವಾಯಿತು ಎಂದು ಇವತ್ತಿಗೂ ಹೇಳಲಾರೆ. ಐವತ್ತು ಜನರಿದ್ದ ಕೋಣೆಯಲ್ಲಿ ಒಬ್ಬರೂ ಕುರ್ಚಿ ಸರಿಸಲಿಲ್ಲ. ಸ್ಕಾಟ್‌ಲೆಂಡಿನವರು ಕಣ್ಣು ಮುಚ್ಚಿ, ಟೋಪಿಯನ್ನು ಮಡಿಲಿಗೆ ತೆಗೆದಿಟ್ಟುಕೊಂಡಿದ್ದರು.

ಅಜ್ಜಿ ನೆನಪಾದರು. “ಶ್ರುತಿ ಇಳೀತು” ಎನ್ನಲು ಅವರಿಗೆ ಇಲ್ಲಿ ಅವಕಾಶವೇ ಇರುತ್ತಿರಲಿಲ್ಲ.

ಬಂದವರಲ್ಲಿ ಬೆಲ್ಟು ಬಿಟ್ಟು ಪಂಗಡ ಬದಲಿಸಿದವರು ಯಾರೂ ಇಲ್ಲ. ಸ್ಕಾಟ್‌ಲೆಂಡಿನವರು ಏಳುವಾಗ ಹೇಳಿದ್ದು ಇಷ್ಟೇ: ಈ ಪ್ಲೇಟು ನನ್ನ ಬಳಿಯೂ ಇದೆ, ಮನೆಗೆ ಹೋಗಿ ಮತ್ತೆ ಕೇಳಬೇಕು. ಯಂತ್ರದ ಬಗ್ಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಇರಲಾರದು. ಒಳ್ಳೆಯ ಟರ್ನ್‌ಟೇಬಲ್ ಕೇಳುವವರನ್ನು ತನ್ನತ್ತ ಎಳೆಯುವುದಿಲ್ಲ, ಪ್ಲೇಟಿನತ್ತ ಕಳಿಸುತ್ತದೆ.

ನನಗೆ ಇನ್ನೊಂದು ಗುಂಡಿಯ ಮೇಲೆ ಕಣ್ಣಿತ್ತು. ನಿಮಿಷಕ್ಕೆ 33, 45 ಸುತ್ತುಗಳ ಪಕ್ಕದಲ್ಲಿ 78. ಜೊತೆಗೆ ವೇಗವನ್ನು ಶೇಕಡಾ 16ರವರೆಗೆ ಏರಿಸಬಹುದು, ಇಳಿಸಬಹುದು. ಅಂದರೆ ಮೇಲಕ್ಕೆ ಎರಡೂವರೆ, ಕೆಳಕ್ಕೆ ಮೂರು ಸ್ವರಸ್ಥಾನದಷ್ಟು. ಡಿಜೆಗಳಿಗಾಗಿ ಇರಬೇಕು ಎಂದಳು ಮಗಳು. ನನಗೆ ಹ್ಯಾನೋವರ್ ನೆನಪಾಯಿತು.

ಮೂರು ದಿನದ ಹಿಂದಷ್ಟೇ ಹ್ಯಾನೋವರ್‌ನಲ್ಲಿ ಇಳಿದು ಅರ್ಧ ದಿನ ಬರಿದೇ ನಡೆದಾಡಿದ್ದೆ. ಚಪ್ಪಟೆ ಪ್ಲೇಟನ್ನೂ ಗ್ರಾಮಫೋನನ್ನೂ ಕಂಡುಹಿಡಿದ ಎಮಿಲ್ ಬರ್ಲಿನರ್ 1851ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ. ಅಮೆರಿಕಕ್ಕೆ ಹೋಗಿ 1887ರಲ್ಲಿ ಪೇಟೆಂಟ್ ಪಡೆದ ಅವರು 1898ರಲ್ಲಿ ಹುಟ್ಟೂರಿನಲ್ಲೇ ಕಾರ್ಖಾನೆ ತೆರೆದರು. 1902ರ ನವೆಂಬರಿನಲ್ಲಿ ಧ್ವನಿಮುದ್ರಣಕಾರ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲಿನಲ್ಲಿ ಗಾಯಕಿ ಗೌಹರ್ ಜಾನ್ ಅವರ ದನಿಯನ್ನು ಕೊಳವೆಯೊಂದರ ಮೂಲಕ ಮೇಣದ ಮೇಲೆ ಹಿಡಿದಾಗ ಭಾರತದಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಇರಲಿಲ್ಲ. 1908ರಲ್ಲಿ ಕಲ್ಕತ್ತೆಯಲ್ಲಿ ಕಾರ್ಖಾನೆ ಬರುವವರೆಗೂ ಮೇಣದ ತಟ್ಟೆಗಳು ಹಡಗು ಹತ್ತಿ ಹ್ಯಾನೋವರ್‌ಗೆ ಬರಬೇಕಾಗಿತ್ತು. ಹಾಡಿನ ಕೊನೆಗೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುವುದು ಅದಕ್ಕೇ, ಹ್ಯಾನೋವರ್‌ನ ಕೆಲಸಗಾರರಿಗೆ ಯಾರ ಪ್ಲೇಟು ಎಂದು ತಿಳಿಯಲಿ ಎಂದು. ಆ ಪ್ಲೇಟುಗಳ ಮೈ ಕೂಡ ನಮ್ಮದೇ. ಕಲ್ಲಿನ ಪುಡಿಯನ್ನೂ ಮಸಿಯನ್ನೂ ಹಿಡಿದಿಟ್ಟದ್ದು ಭಾರತದ ಕಾಡುಗಳಿಂದ ಹೋದ ಅರಗು, ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅದೇ ಅರಗು. ಭಾರತದಿಂದ ಅರಗೂ ದನಿಯೂ ಬೇರೆ ಬೇರೆ ಹಡಗಿನಲ್ಲಿ ಹೋಗಿ ಹ್ಯಾನೋವರ್‌ನಲ್ಲಿ ಒಂದಾಗಿ ಮರಳಿ ಬಂದವು.

ಆ ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದು ನಮ್ಮೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಅವರ ಹಾಡು ಈಗ ಎಲ್ಲಿ ಬೇಕಾದರೂ ಸಿಗುತ್ತದೆ. ಅವರ ಶ್ರುತಿ ಮಾತ್ರ ಸಿಗುವುದಿಲ್ಲ. ಆ ಕಾಲದಲ್ಲಿ 78 ಎಂಬುದು ಇನ್ನೂ ಕಟ್ಟಳೆಯಾಗಿರಲಿಲ್ಲ. ಮುದ್ರಣದ ಯಂತ್ರ ಒಂದು ದಿನ ಎಪ್ಪತ್ತರ ಹತ್ತಿರ, ಇನ್ನೊಂದು ದಿನ ಎಂಬತ್ತರ ಹತ್ತಿರ ತಿರುಗಿರಬಹುದು. ಸರಿಯಾಗಿ 78ಕ್ಕೆ ಇಟ್ಟು ಕೇಳುವಾಗ ನಾವು ಕೇಳುತ್ತಿರುವುದು ಅವರ ದನಿಯೋ, ಮೇಲಕ್ಕೆಳೆದ ದನಿಯೋ ಎಂದು ಆಣೆ ಮಾಡಿ ಹೇಳುವಂತಿಲ್ಲ. ತಟ್ಟೆಯ ವೇಗವನ್ನು ಒಂದು ಎಳೆ ಇಳಿಸಿ, ಒಂದು ಎಳೆ ಏರಿಸಿ, ಇಟ್ಟಲ್ಲಿ ಕದಲದಂತೆ ನಿಲ್ಲಿಸಿ, ಇಲ್ಲಿ ಮನುಷ್ಯರ ಗಂಟಲು ಕೇಳುತ್ತಿದೆ ಎಂದು ಹುಡುಕುವ ಕೆಲಸಕ್ಕೆ ಇಂಥ ಯಂತ್ರ ಬೇಕು. ಹನ್ನೆರಡು ಲಕ್ಷದ ಈ ಯಂತ್ರ ಹಣವಂತರ ಹಜಾರದ ಒಡವೆಯಾಗಿ ಮಾತ್ರ ಉಳಿಯದೆ ಒಂದಾದರೂ ಸಂಗೀತ ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ಬರಬೇಕೆಂದು ಅಲ್ಲೇ ನಿಂತು ಹಾರೈಸಿದೆ.

ಮಧ್ಯಾಹ್ನ ಕೆಳಗಿನ ಹಾಲ್‌ಗೆ ಇಳಿದೆವು. ಮೇ ತಿಂಗಳ ಬಿಳಿ ಶತಾವರಿ ಮೊಳಕೆಯ ಊಟ, ಉಪ್ಪು ಮೆತ್ತಿದ ಪ್ರೆಟ್ಸೆಲ್. ಆಚೆಗೆ ಹಳೆಯ ರೆಕಾರ್ಡುಗಳನ್ನು ಮಾರುವವರ ಸಾಲು. ಬಿಳಿಗಡ್ಡದ ವ್ಯಾಪಾರಿಯೊಬ್ಬರು ಎಲ್ಲಿಂದ ಬಂದಿರಿ ಎಂದು ಕೇಳಿದರು. ಇಂಡಿಯಾ ಎಂದೆ. ಇಂಡಿಯಾದಲ್ಲಿ ಎಲ್ಲಿ? ಮೈಸೂರು ಎಂದೆ. ಅವರ ಮುಖ ಅರಳಿತು.

“ಮೆಟ್ನರ್!” ಎಂದರು.

ಮಗಳಿಗೆ ತಿಳಿಯಲಿಲ್ಲ. ನನಗೆ ಮೈ ಜುಮ್ಮೆಂದಿತು. ನಿಕೊಲಾಯ್ ಮೆಟ್ನರ್ ಮಾಸ್ಕೋದಲ್ಲಿ ಹುಟ್ಟಿ ಕೊನೆಗಾಲದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ಪಿಯಾನೊ ವಾದಕ, ಸಂಗೀತ ರಚನಕಾರ. ಬಡತನ, ಹೃದಯದ ಕಾಯಿಲೆ. ಅವರ ಸಂಗೀತವನ್ನು ದೂರದ ಮೈಸೂರಿನ ಅರಮನೆಯಲ್ಲಿ ಕೇಳಿ ಮೆಚ್ಚಿದ್ದ ಜಯಚಾಮರಾಜ ಒಡೆಯರು ತಾವೇ ಹಣ ಕೊಟ್ಟು ‘ಮೆಟ್ನರ್ ಸೊಸೈಟಿ’ ಹೆಸರಿನಲ್ಲಿ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಎಚ್‌ಎಂವಿ ಪ್ಲೇಟುಗಳಾಗಿ ಹೊರತರಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ಕಣ್ಣು ಮುಚ್ಚಿದರು. ಒಡೆಯರು ಆ ಕೆಲಸ ಮಾಡದಿದ್ದರೆ ಮೆಟ್ನರ್ ತಮ್ಮ ಸಂಗೀತವನ್ನು ತಾವೇ ನುಡಿಸಿದ ಬಗೆ ಎಷ್ಟೋ ಪಾಲು ಅವರೊಂದಿಗೇ ಹೋಗುತ್ತಿತ್ತು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಸಿದ್ದರ ಹಿಂದೆಯೂ ಅದೇ ಒಡೆಯರ ನೆರವಿತ್ತು.

ವ್ಯಾಪಾರಿ ಮೇಜಿನಡಿಯಿಂದ ಒಂದು ಕಟ್ಟು ತೆಗೆದರು. ಮಾರಾಟಕ್ಕಲ್ಲ, ತೋರಿಸಲು. ಕಪ್ಪು ಅರಗಿನ ಪ್ಲೇಟು, ಕೆಂಪು ಚೀಟಿ. ನನ್ನ ಕೈಗೆ ಕೊಟ್ಟರು. ತಾತನ ಪ್ಲೇಟುಗಳಷ್ಟೇ ಭಾರ, ಅದೇ ತಂಪು. ಮ್ಯೂನಿಕ್‌ನ ಒಬ್ಬ ಮುದುಕರು ನಮ್ಮ ಊರನ್ನು ರೇಷ್ಮೆಗಲ್ಲ, ದಸರೆಗಲ್ಲ, ಒಂದು ಪ್ಲೇಟಿಗಾಗಿ ನೆನಪಿಟ್ಟಿದ್ದರು.

ಆ ಕ್ಷಣದಲ್ಲಿ ನನಗೆ ಸಂಕಟವೂ ಆಯಿತು. ತಾತ ಹೋದ ಮೇಲೆ ಮನೆ ಬದಲಿಸುವಾಗ ಅವರ ಪ್ಲೇಟುಗಳನ್ನು ತೂಕಕ್ಕೆ ಹಾಕಿದೆವು. ನಾಲ್ಕು ಮರದ ಪೆಟ್ಟಿಗೆ. ನಾನೇ ಗಾಡಿಗೆ ಎತ್ತಿ ಕೊಟ್ಟವನು. ಅದರಲ್ಲಿ ತರುಣ ಮಲ್ಲಿಕಾರ್ಜುನ ಮನಸೂರರ ದನಿ ಇತ್ತು ಎಂಬುದು ನನಗೆ ನೆನಪಿದೆ. ಉಳಿದವು ಯಾರವು ಎಂದು ಇನ್ನು ತಿಳಿಯುವ ದಾರಿಯಿಲ್ಲ.

ಸಂಜೆ ಮತ್ತೊಮ್ಮೆ ಮೇಲೆ ಹೋಗಿ ಆ ಯಂತ್ರದ ಮುಂದೆ ನಿಂತೆ. ಜನ ಕಡಿಮೆಯಾಗಿದ್ದರು. ಪೋಲೆಂಡಿನವರು ಇನ್ನೂ ಅಲ್ಲೇ ಇದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ತಿರುಗುವ ತಟ್ಟೆಯ ಅಂಚನ್ನು ತೋರಿಸಿ ಅವರು ಬೆರಳು ಆಡಿಸಿದರು. ತಟ್ಟೆ ಎಷ್ಟು ಸಮವಾಗಿ ಸುತ್ತುತ್ತಿತ್ತೆಂದರೆ ನಿಂತ ಹಾಗೇ ಕಾಣುತ್ತಿತ್ತು.

ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ ಪ್ಲೇಟುಗಳಿದ್ದರೆ ಇವತ್ತೇ ಇಳಿಸಿ ನೋಡಿ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಬಿಸಿಲು ತಾಗದಿರಲಿ. ಅರಗಿನ ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತದೆ. ಎಲ್‌ಪಿಯ ಮುಳ್ಳಿನಲ್ಲಿ ಅದನ್ನು ಹಾಕಬೇಡಿ, ಅದರ ಗೆರೆ ದಪ್ಪ, ಅದಕ್ಕೆ ಬೇರೆ ಮುಳ್ಳೇ ಬೇಕು. ಚೀಟಿಯ ಮೇಲಿನ ಹೆಸರು, ನಂಬರು ಬರೆದಿಟ್ಟುಕೊಳ್ಳಿ. ಹಾಡಿಸುವ ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ, ಅಂಥ ಯಂತ್ರ ಮಾಡುವವರು ಇನ್ನೂ ಇದ್ದಾರೆ. ಗುಜರಿಗೆ ಮಾತ್ರ ಕೊಡಬೇಡಿ.